ಎಂಟುನೂರರ ರೂಮು, ಎರಡೂಮುಕ್ಕಾಲು ಸಾವಿರದ ಖರ್ಚು!

ಬೆಂಗಳೂರಿಗೆ ಹೋಗುವ ಕೆಲಸ ಬಿತ್ತೆಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು ಹೇಳಿ? ಬಸ್ಸಿನದಲ್ಲ, ಬುತ್ತಿಯದೂ ಅಲ್ಲ. ‘ಅಲ್ಲಿ ಉಳಕೊಳ್ಳೋದು ಎಲ್ಲಿ?’ ಎಂಬುದು. ನೆಂಟರಿದ್ದಾರೆ, ನಿಜ. ಆದರೆ ಅವರದೂ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಮಕ್ಕಳಿಗೆ ಪರೀಕ್ಷೆ, ಗಂಡ-ಹೆಂಡತಿ ಇಬ್ಬರಿಗೂ ಕೆಲಸ. ಹೇಳದೆ ಕೇಳದೆ ಹೋಗಿ ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳುವ ಕಾಲ ಮುಗಿಯಿತು. ಉಳಿದದ್ದು ಲಾಡ್ಜ್. ಊರ ನಡುವೆ ದುಬಾರಿ ಎಂದು ಮೊಬೈಲ್ ಹಿಡಿದು ಊರಂಚಿನಲ್ಲಿ ಅಗ್ಗದ ರೂಮು ಹುಡುಕುವ ಕೆಲಸ ಯಾರ ಪಾಲಿಗೆ? ಇನ್ಯಾರು, ನಮ್ಮ ಪಾಲಿಗೇ!

ನಾನೂ ಹೀಗೆ ಹುಡುಕಿದವಳೇ. ಹುಡುಕಿ ಕೆಟ್ಟವಳು ಕೂಡ.

ನನ್ನ ತವರು ನರಗುಂದ ತಾಲ್ಲೂಕಿನ ಚಿಕ್ಕನರಗುಂದ. 2024ರ ಬೇಸಿಗೆಯಲ್ಲಿ ಅವ್ವನಿಗೆ ಎದೆನೋವು ಕಾಣಿಸಿಕೊಂಡು, ಬೆಂಗಳೂರಿನಲ್ಲೊಮ್ಮೆ ತೋರಿಸಿಬಿಡಿ ಎಂದರು ಡಾಕ್ಟರು. ಅವ್ವ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಳು. ಇವರಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ಹೊರಟೆವು. ನೆಲಮಂಗಲದ ಹತ್ತಿರ ದಿನಕ್ಕೆ 800 ರೂಪಾಯಿಯ ರೂಮು ಮೊಬೈಲಿನಲ್ಲೇ ಬುಕ್ ಮಾಡಿದ್ದೆ. ಫೋಟೊದಲ್ಲಿ ಬಿಳಿ ಹಾಸಿಗೆ, ಗೋಡೆಗೆ ಹೂವಿನ ಚಿತ್ರ. ‘ಸೋವಿ ಆತಲ್ಲವಾ’ ಎಂದು ಅವ್ವನೂ ಹಿಗ್ಗಿದಳು.

ರಾತ್ರಿ ಬಸ್ಸು ಬೆಳಗಿನ ಐದಕ್ಕೇ ಇಳಿಸಿತು. ಕೌಂಟರಿನ ಹುಡುಗ ಕಣ್ಣುಜ್ಜಿಕೊಳ್ಳುತ್ತ ಹೇಳಿದ್ದು: ‘ಚೆಕ್-ಇನ್ ಹನ್ನೆರಡಕ್ಕೆ ಮೇಡಂ. ಈಗಲೇ ಬೇಕು ಅಂದ್ರೆ ಅರ್ಧ ದಿನದ್ದು ಎಕ್ಸ್‌ಟ್ರಾ.’ 400 ಕೊಟ್ಟೆ. ರೂಮು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಎದೆನೋವಿನ ಅವ್ವ ನಾಲ್ಕು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತ ಹತ್ತಿದಳು. ಹಿಂದಿನಿಂದ ಬ್ಯಾಗು ಹೊತ್ತು ಹತ್ತುತ್ತಿದ್ದ ನನಗೆ, ಎಂಟುನೂರರ ಆಸೆಗೆ ಏನು ಮಾಡಿಬಿಟ್ಟೆ ಎಂದು ಕೈಕಾಲು ನಡುಗಿತು. ಆಸ್ಪತ್ರೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಹೋಗುವಾಗ ಆಟೊಕ್ಕೆ 650, ಬರುವಾಗ 750. ತೆರಿಗೆ 144. ಎಲ್ಲ ಕೂಡಿಸಿದರೆ 2,744 ರೂಪಾಯಿ!

ತಪ್ಪು ಲಾಡ್ಜಿನದೊಂದೇ ಅಲ್ಲ, ನನ್ನದೂ ಇತ್ತು. ನಾನು ನೋಡಿದ್ದು ರೂಮಿನ ದರ ಮಾತ್ರ. ನೋಡಬೇಕಾಗಿದ್ದದ್ದು ಬಸ್ಸಿಳಿದ ಗಳಿಗೆಯಿಂದ ಮರಳಿ ಬಸ್ಸು ಹತ್ತುವ ತನಕದ ಲೆಕ್ಕ. ಅಲ್ಲಿಂದೀಚೆಗೆ ತೆರಿಗೆ, ಮೆಟ್ರೊ, ಆಟೊ ದರ ಎಲ್ಲವೂ ಬದಲಾಗಿವೆ. ಆ ಸುದ್ದಿಗಳನ್ನು ಪೇಪರಿನಲ್ಲಿ ಓದಿ ಮಡಚಿಟ್ಟಿರುತ್ತೇವೆ. ಅವು ನಮ್ಮ ಪರ್ಸಿಗೆ ಹೇಗೆ ಬಂದು ತಾಕುತ್ತವೆ, ಒಮ್ಮೆ ಕುಳಿತು ನೋಡೋಣ ಬನ್ನಿ.

ತೆರಿಗೆ ಇಳಿದದ್ದು ಯಾರಿಗೆ?

2022ರ ಜುಲೈ 18ರ ತನಕ ದಿನಕ್ಕೆ ಸಾವಿರ ರೂಪಾಯಿವರೆಗಿನ ರೂಮುಗಳಿಗೆ ಜಿಎಸ್‌ಟಿಯೇ ಇರಲಿಲ್ಲ. ಅಂದಿನಿಂದ ಅವಕ್ಕೂ ಶೇ 12ರಷ್ಟು ಬಿತ್ತು. ಬಡವರು, ಮಧ್ಯಮ ವರ್ಗದವರು ಇಳಿದುಕೊಳ್ಳುವ ರೂಮಿಗೇ ಹೊಸ ಹೊರೆ! 2025ರ ಸೆಪ್ಟೆಂಬರ್ 22ರಿಂದ ಲೆಕ್ಕ ಮತ್ತೆ ಬದಲಾಯಿತು. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ ಶೇ 12 ಇದ್ದದ್ದು ಶೇ 5ಕ್ಕೆ ಇಳಿಯಿತು. ಅಂದರೆ 1,500ರ ರೂಮಿಗೆ ಮೊದಲು 180 ರೂಪಾಯಿ ತೆರಿಗೆ, ಈಗ 75. ನೂರೈದು ರೂಪಾಯಿ ಉಳಿತಾಯ. ಇಬ್ಬರ ಬೆಳಗಿನ ತಿಂಡಿ-ಕಾಫಿ ಆಯಿತಲ್ಲ!

ಆದರೆ ಇಲ್ಲೊಂದು ಕೊಕ್ಕೆ ಇದೆ. ಲಾಡ್ಜಿನವರು ತಾವು ಕೊಂಡ ಸಾಮಾನು, ಸೇವೆಗಳಿಗೆ ಕಟ್ಟಿದ ತೆರಿಗೆಯನ್ನು ಮೊದಲು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಶೇ 5ರ ವ್ಯವಸ್ಥೆಯಲ್ಲಿ ಆ ಸೌಲಭ್ಯ ಇಲ್ಲ. ಆ ನಷ್ಟವನ್ನು ತುಂಬಿಕೊಳ್ಳಲು ಕೆಲವರು ರೂಮಿನ ಮೂಲ ದರವನ್ನೇ ಏರಿಸಬಹುದು. ಆದ್ದರಿಂದ ‘ತೆರಿಗೆ ಎಷ್ಟು?’ ಎಂದು ಕೇಳಬೇಡಿ, ‘ಎಲ್ಲ ಸೇರಿ ಕೈಯಿಂದ ಎಷ್ಟು ಕೊಡಬೇಕು?’ ಎಂದು ಕೇಳಿ.

ಇನ್ನೊಂದು ವಿಷಯ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಲಾಡ್ಜುಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಆದರೆ ಅದೇ ಲಾಡ್ಜನ್ನು ಆ್ಯಪ್ ಮೂಲಕ ಬುಕ್ ಮಾಡಿದರೆ ತೆರಿಗೆ ಕಟ್ಟುವ ಹೊಣೆ ಆ್ಯಪ್‌ನವರದು, ಅದು ನಿಮ್ಮ ಬಿಲ್ಲಿಗೆ ಸೇರುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ದರ ನೋಡಿಕೊಂಡು, ಲಾಡ್ಜಿಗೇ ಒಂದು ಫೋನ್ ಹಚ್ಚಿ ನೋಡಿ. ನೂರಿನ್ನೂರು ಕಡಿಮೆ ಹೇಳಿದರೂ ಹೇಳಬಹುದು. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ಮಾತ್ರ ಅವರ 15 ಅಕ್ಷರ-ಅಂಕಿಯ ನೋಂದಣಿ ಸಂಖ್ಯೆ ಅದರಲ್ಲಿದೆಯೇ ನೋಡಿಯೇ ದುಡ್ಡು ಕೊಡಿ.

ದೂರಕ್ಕೂ ಒಂದು ದರ ಇದೆ

ಊರಂಚಿನ ಲಾಡ್ಜಿನಲ್ಲಿ ಉಳಿಸಿದ ದುಡ್ಡನ್ನು ನುಂಗುವುದು ಆಟೊ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೂವತ್ತು ಕಿಲೋಮೀಟರ್ ದೂರಕ್ಕೆ, ಮೀಟರ್ ಹಾಕಿದರೂ, 540 ರೂಪಾಯಿ. ಹೋಗಿ ಬರಲು 1,080. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ರೂಮಿನಲ್ಲಿ ಮುನ್ನೂರು ಉಳಿಸಿ ದಾರಿಯಲ್ಲಿ ಸಾವಿರ ಚೆಲ್ಲುವುದು ಯಾವ ಜಾಣತನ?

ಹಾಗಾದರೆ ಊರಂಚು ಬೇಡವೇ ಬೇಡವೇ? ಹಾಗಲ್ಲ. ಈಗ ಊರಂಚಿಗೂ ಮೆಟ್ರೊ ಬಂದಿದೆ, ಅದನ್ನು ಬಳಸಿಕೊಳ್ಳಿ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಹೋಯಿತು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿಯ ತನಕ ಒಂದೇ ಓಟ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರೋಡಿನಿಂದ ಜಯದೇವ ಆಸ್ಪತ್ರೆ, ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಯ್ದು ಬೊಮ್ಮಸಂದ್ರಕ್ಕೆ ಮುಟ್ಟುತ್ತದೆ.

ನಮ್ಮ ಕಡೆಯವರಿಗೆ ಇದರಿಂದ ಏನು ಲಾಭ? ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದ ಬಸ್ಸುಗಳು ಬೆಂಗಳೂರು ಹೊಗುವುದೇ ತುಮಕೂರು ರಸ್ತೆಯಿಂದ. ಮೆಜೆಸ್ಟಿಕ್ ತನಕ ಹೋಗಿ ಮತ್ತೆ ಹಿಂದಕ್ಕೆ ಬರುವ ಬದಲು ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಕಡೆಗೇ ಇಳಿದು, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ರೂಮು ಹಿಡಿಯಬಹುದು. ಅಲ್ಲಿಂದ ಜಯದೇವ ಆಸ್ಪತ್ರೆಗೆ ಹೋಗಬೇಕೇ? ಆರ್.ವಿ. ರೋಡಿನಲ್ಲಿ ಒಂದೇ ಸಲ ರೈಲು ಬದಲಿಸಿದರಾಯಿತು. ಕೆಲಸ ಇರುವುದೇ ಬೊಮ್ಮಸಂದ್ರದ ಆಸ್ಪತ್ರೆಯಲ್ಲೋ ಎಲೆಕ್ಟ್ರಾನಿಕ್ ಸಿಟಿಯ ಇಂಟರ್‌ವ್ಯೂನಲ್ಲೋ ಆದರೆ ರೂಮು ಆ ಕಡೆಗೇ ಇರಲಿ. ಬಸ್ಸಿಳಿಯುವ ದಿಕ್ಕು, ಕೆಲಸದ ದಿಕ್ಕು, ಇವೆರಡರಲ್ಲಿ ಒಂದಕ್ಕಾದರೂ ರೂಮು ಅಂಟಿಕೊಂಡಿರಬೇಕು.

ಮೆಟ್ರೊ ಕೂಡ ಪುಕ್ಕಟೆ ಅಲ್ಲ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ಎಲ್ಲರಿಗೂ ಬಿಸಿ ಮುಟ್ಟಿಸಿದೆ. ಆದರೂ ಆಟೊಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಪುರುಸೊತ್ತಿದ್ದರೆ ಬಿಎಂಟಿಸಿ ಸಾಮಾನ್ಯ ಬಸ್ಸು ಇದ್ದೇ ಇದೆ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಅದರಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಸ್ಲೀಪರ್, ರಾಜಹಂಸ, ಎ.ಸಿ. ಬಸ್ಸುಗಳಿಗೆ ಮಾತ್ರ ಅದು ಅನ್ವಯಿಸದು. ಈ ಯೋಜನೆಯಿಂದ ಗಂಡಸರನ್ನು ಕಾಯದೆ ನಾವೇ ಹೊರಡುವ ಧೈರ್ಯ ಬಂದಿದೆ. ಆದರೆ ಬಸ್ಸು ಪುಕ್ಕಟೆ ಒಯ್ದು ಬಿಟ್ಟ ಮೇಲೆ ರಾತ್ರಿ ತಲೆ ಊರುವುದೆಲ್ಲಿ ಎಂಬ ಪ್ರಶ್ನೆ ಹಾಗೇ ಉಳಿದಿದೆ, ಅಲ್ಲವೇ?

ಬೆಳಗಿನ ಐದರ ಸಂಕಟ

ದೂರದ ಊರಿನವರಿಗೆ ಹೆಚ್ಚು ಹೊಡೆತ ಕೊಡುವುದು ದರವಲ್ಲ, ಗಡಿಯಾರ! ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರ್ ಚಿಲ್ಲರೆ. ರಾತ್ರಿ ಹೊರಟರೆ ಮುಟ್ಟುವುದು ನಸುಕಿನಲ್ಲಿ. ಹನ್ನೆರಡಕ್ಕೆ ಚೆಕ್-ಇನ್, ಮರುದಿನ ಹನ್ನೊಂದಕ್ಕೆ ಚೆಕ್-ಔಟ್ ಎಂಬ ಪದ್ಧತಿ ನಮ್ಮಂಥವರಿಗೆ ಹೊಂದುವುದೇ ಇಲ್ಲ. ಸ್ನಾನ ಬೇಕಾದದ್ದು ಬೆಳಗಿನ ಆರಕ್ಕೆ, ರೂಮು ಸಿಗುವುದು ಮಧ್ಯಾಹ್ನಕ್ಕೆ!

ಇದಕ್ಕೆ ಮದ್ದು ‘ಇಪ್ಪತ್ನಾಲ್ಕು ತಾಸಿನ ಲೆಕ್ಕ’ದ ಲಾಡ್ಜು. ಬೆಳಿಗ್ಗೆ ಐದಕ್ಕೆ ಹೋದರೆ ಮರುದಿನ ಬೆಳಿಗ್ಗೆ ಐದರವರೆಗೆ ರೂಮು ನಿಮ್ಮದೇ. ಬಸ್‌ಸ್ಟ್ಯಾಂಡಿನ ಆಸುಪಾಸಿನ ಹಳೆಯ ಲಾಡ್ಜುಗಳಲ್ಲಿ ಈ ಪದ್ಧತಿ ಇನ್ನೂ ಇದೆ. ಊರಂಚಿನಲ್ಲೂ ಕೇಳಿದರೆ ಸಿಗುತ್ತದೆ, ಕೇಳಬೇಕಷ್ಟೇ. ಆ್ಯಪ್‌ಗಳಲ್ಲಿ ಬಹುಮಟ್ಟಿಗೆ ಮಧ್ಯಾಹ್ನದ ಲೆಕ್ಕವೇ ಇರುತ್ತದೆ. ಒಂದೇ ದಿನದ ಕೆಲಸವಾದರೆ ಬೆಳಿಗ್ಗೆ ಐದಕ್ಕೆ ಹೊಕ್ಕು, ರಾತ್ರಿ ಬಸ್ಸಿಗೆ ಹೊರಡುವ ತನಕ ಒಂದೇ ದಿನದ ಬಾಡಿಗೆಯಲ್ಲಿ ಮುಗಿಯುತ್ತದೆ. ನಾನು ಅಂದು ಈ ಒಂದು ಮಾತು ಕೇಳಿದ್ದರೆ 400 ರೂಪಾಯಿ ಉಳಿಯುತ್ತಿತ್ತು.

ದಿನಾಂಕವನ್ನೂ ನೋಡಿಕೊಳ್ಳಿ. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ, ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ದೊಡ್ಡ ಮೇಳ ಇದ್ದ ದಿನಗಳಲ್ಲಿ ಆ ಭಾಗದ ರೂಮಿನ ದರ ಏರುವುದು ಗೊತ್ತಿದ್ದದ್ದೇ. ಆಸ್ಪತ್ರೆಯ ತಾರೀಖು ನಾಲ್ಕು ದಿನ ಆಚೀಚೆ ಮಾಡಬಹುದಾದರೆ ಮಾಡಿಕೊಳ್ಳಿ.

ಒಬ್ಬಳೇ ಹೋಗಿ ನಿಂತಾಗ

‘ಜತೆಗೆ ಯಾರೂ ಇಲ್ವಾ ಮೇಡಂ?’ ಕೌಂಟರಿನಲ್ಲಿ ಈ ಪ್ರಶ್ನೆ ಎದುರಿಸದ ಹೆಣ್ಣುಮಗಳು ಅಪರೂಪ. ಒಂಟಿ ಮಹಿಳೆಗೆ ರೂಮು ಕೊಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಕೆಲವರು ‘ರೂಮ್ ಖಾಲಿ ಇಲ್ಲ’ ಎಂದುಬಿಡುತ್ತಾರೆ. ನಸುಕಿನಲ್ಲಿ, ಹೆದ್ದಾರಿ ಬದಿಯಲ್ಲಿ ನಿಂತು ಕಾನೂನು ಮಾತಾಡಲು ಆಗುತ್ತದೆಯೇ? ಆದ್ದರಿಂದ ಹೊರಡುವ ಮುನ್ನವೇ ಫೋನಿನಲ್ಲಿ, ‘ನಾನು ಒಬ್ಬಳೇ ಬರ್ತೀನಿ, ರೂಮ್ ಕೊಡ್ತೀರಲ್ಲ?’ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಗುರುತಿನ ಚೀಟಿ ಕೇಳುವುದು ಸರಿಯೇ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಮಕ್ಕಳಿಗೆ ಹೇಳಿ ಇಳಿಸಿಟ್ಟುಕೊಳ್ಳಿ. ರೂಮಿಗೆ ಹೊಕ್ಕ ಕೂಡಲೇ ಚಿಲಕ ಒಳಗಿನಿಂದ ಭದ್ರ ಇದೆಯೇ, ಕಿಟಕಿ ಮುಚ್ಚುತ್ತದೆಯೇ, ಕೌಂಟರಿನ ಫೋನ್ ಕೆಲಸ ಮಾಡುತ್ತದೆಯೇ ನೋಡಿ. ಸರಿ ಕಾಣದಿದ್ದರೆ ಚೀಲ ಬಿಚ್ಚುವ ಮೊದಲೇ ಬೇರೆ ರೂಮು ಕೇಳಿ. ಸಂಕೋಚ ಬೇಡ, ದುಡ್ಡು ಕೊಡುವವರು ನಾವು.

ಫೋನಿನಲ್ಲಿ ಇಷ್ಟು ಕೇಳಿ

* ಇಪ್ಪತ್ನಾಲ್ಕು ತಾಸಿನ ಲೆಕ್ಕವೋ, ಹನ್ನೆರಡು ಗಂಟೆಯ ಲೆಕ್ಕವೋ?
* ತೆರಿಗೆ ಎಲ್ಲ ಸೇರಿ ಒಟ್ಟು ಎಷ್ಟು? ಬಿಲ್ಲು ಕೊಡುತ್ತೀರಾ?
* ಮೆಟ್ರೊ ಅಥವಾ ಬಸ್ ನಿಲ್ದಾಣಕ್ಕೆ ನಡೆದು ಹೋಗಲು ಎಷ್ಟು ನಿಮಿಷ? (‘ಹತ್ತಿರವೇ ಇದೆ’ ಎಂಬ ಉತ್ತರ ನಂಬಬೇಡಿ!)
* ಲಿಫ್ಟ್ ಇದೆಯೇ? ಇಲ್ಲದಿದ್ದರೆ ಕೆಳಗಿನ ರೂಮು ಸಿಗುತ್ತದೆಯೇ?
* ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ?
* ಮಂಡಿನೋವಿನವರಿಗೆ ಕೂರುವ ಕಮೋಡ್ ಇದೆಯೇ?
* ಪಥ್ಯದ ಊಟ ಸಿಗುವ ಖಾನಾವಳಿ, ದರ್ಶಿನಿ ಹತ್ತಿರದಲ್ಲಿದೆಯೇ?
* ಬರಲಾಗದಿದ್ದರೆ ಮುಂಗಡ ವಾಪಸ್ ಕೊಡುತ್ತೀರಾ?

ಹೇಳಿದ್ದೊಂದು, ಕೊಟ್ಟದ್ದೊಂದು ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹೆದರಿಕೆ ಎನಿಸಿದರೆ 112 ಇದೆ, ಮಹಿಳೆಯರಿಗಾಗಿಯೇ 181 ಇದೆ. ಈ ಮೂರು ನಂಬರು ಮೊಬೈಲಿನಲ್ಲಿ ಇರಲಿ.

2025ರ ನವೆಂಬರ್‌ನಲ್ಲಿ ಅವ್ವನನ್ನು ಮತ್ತೆ ತಪಾಸಣೆಗೆ ಕರೆದೊಯ್ಯಬೇಕಾಯಿತು. ಈ ಸಲ ಮೊದಲೇ ಮೂರು ಕಡೆ ಫೋನ್ ಹಚ್ಚಿದೆ. ದಾಸರಹಳ್ಳಿಯ ಮೆಟ್ರೊ ಹತ್ತಿರ, ಕೆಳಗಿನ ಮಹಡಿ, ಇಪ್ಪತ್ನಾಲ್ಕು ತಾಸಿನ ಲೆಕ್ಕ. ಬಾಡಿಗೆ 1,200, ತೆರಿಗೆ 60. ಇಬ್ಬರಿಗೂ ಹೋಗಿ ಬರುವ ಮೆಟ್ರೊ ಖರ್ಚು ತಲೆಗೆ 90ರಂತೆ ಹಿಡಿದರೂ 360. ಒಟ್ಟು 1,620 ರೂಪಾಯಿ. ಎಂಟುನೂರರ ರೂಮಿಗಿಂತ ಹನ್ನೆರಡು ನೂರರ ರೂಮೇ ಸಾವಿರಕ್ಕೂ ಮಿಕ್ಕಿ ಅಗ್ಗವಾಯಿತು ನೋಡಿ!

ಬೆಳಿಗ್ಗೆ ಆರಕ್ಕೇ ಬಿಸಿನೀರಿನ ಸ್ನಾನ ಮುಗಿಸಿ, ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತ ಅವ್ವ ಸುತ್ತಲೂ ಕಣ್ಣಾಡಿಸಿ ಅಂದಳು: ‘ಹೋದ ಸಲದ ರೂಮ್ ಇದಕ್ಕಿಂತ ಸೋವಿ ಇತ್ತಲ್ಲವಾ?’

‘ಇಲ್ಲವಾ, ಅದು ಭಾಳ ತುಟ್ಟಿ ಇತ್ತು’ ಎಂದೆ.