ನೂರು ಜಿಎಸ್‌ಎಂ ಎಂಬ ಮಂಕುಬೂದಿ

ಮೊನ್ನೆ ಶನಿವಾರ ಅವೆನ್ಯೂ ರಸ್ತೆಯಲ್ಲಿ ನೋಟ್‌ಬುಕ್ ಹುಡುಕ್ತಾ ಇದ್ದೆ. "ಇಂಕ್ ಪೆನ್ನಿಗೆ ಆಗುತ್ತಾ?" ಅಂದರೆ ಅಂಗಡಿಯವರು ರಟ್ಟು ತೋರಿಸಿ, "100 ಜಿಎಸ್‌ಎಂ ಸಾರ್, ಕಣ್ಮುಚ್ಚಿ ತಗೊಳ್ಳಿ" ಅಂದರು. ತಗೊಂಡೆ. ಮನೆಗೆ ಬಂದು ಅಜ್ಜನ ಪೆನ್ನಲ್ಲಿ 'ಕಥೆ' ಅಂತ ಬರೆದರೆ, 'ಥ'ದ ಹೊಟ್ಟೆಯೊಳಗಿನ ಚುಕ್ಕಿ ಹರಡಿ ಹೊಟ್ಟೆಯೇ ಮುಚ್ಚಿಹೋಯ್ತು! ಒತ್ತಕ್ಷರಗಳ ಪಾಡಂತೂ ಕೇಳಲೇಬೇಡಿ.

ಸ್ವಾಮೀ, ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ, ಅಷ್ಟೇ. ಕೋಡಿನ ಗುಣವನ್ನ ಸಾಲು ಎಣಿಸಿ ಅಳೆದ ಹಾಗೆ (ನಮ್ಮ ಮ್ಯಾನೇಜರಿಗೆ ಇದೂ ಇಷ್ಟ, ಬಿಡಿ). ಶಾಯಿ ಹರಡದ ಹಾಗೆ ತಡೆಯೋದು ಸೈಜಿಂಗ್, ಅಂದರೆ ಕಾಗದ ಮಾಡುವಾಗ ಸೇರಿಸೋ ಗಂಜಿ, ರಾಳದಂಥ ವಸ್ತುಗಳು. ಇಂಕ್ ಪೆನ್ನಿನವರು ಹಾಡಿ ಹೊಗಳುವ ಜಪಾನಿನ ಟೊಮೊಯೆ ರಿವರ್ ಕಾಗದ ಬರೀ 52 ಜಿಎಸ್‌ಎಂನದ್ದೂ ಇದೆ!

ಹಾಗಂತ ಆಮದು ಪುಸ್ತಕಕ್ಕೆ ಸಾವಿರಾರು ರೂಪಾಯಿ ಸುರೀಬೇಕು ಅನ್ನೋ ಗೆಳೆಯರ ಮಾತನ್ನೂ ನಾನು ಒಪ್ಪಲ್ಲ. ತಂಗಿಯ ಹಳೇ 40 ರೂಪಾಯಿ ಲಾಂಗ್ ಬುಕ್ಕಲ್ಲಿ ಅದೇ ಪೆನ್ನು, ಅದೇ ಶಾಯಿ... 'ಥ' ದುಂಡಗೆ ಕೂತಿತ್ತು. ಒಳ್ಳೇ ಕಾಗದ ಇಲ್ಲೇ ಇದೆ, ಯಾವುದರೊಳಗಿದೆ ಅಂತ ರಟ್ಟು ಹೇಳಲ್ಲ ಅಷ್ಟೇ. ತೂಕ ಅಚ್ಚು ಹಾಕೋ ಜಾಗದಲ್ಲಿ 'ಶಾಯಿ ಪೆನ್ನಿಗೆ ಆಗುತ್ತೆ' ಅಂತ ಒಂದು ಸಾಲು ಹಾಕೋಕೆ ಇವರಿಗೇನು ಕಷ್ಟ?

ಇನ್ಮೇಲೆ ಪೆನ್ನು ಜೇಬಲ್ಲಿಟ್ಟುಕೊಂಡೇ ಹೋಗ್ತೀನಿ. ಕೊನೇ ಪುಟದಲ್ಲಿ ಒಂದು 'ಥ' ಬರೆದು ನೋಡೋಕೆ ಬಿಡದ ಅಂಗಡೀಲಿ ನನ್ನ ವ್ಯಾಪಾರ ಇಲ್ಲ :-)