ಪಿಜಿ ಮೆಡಿಕಲ್ ಸೀಟು: ಆಪ್ಷನ್ ಪಟ್ಟಿಯಲ್ಲಿ ಮೊದಲು ಯಾವುದು?

ಸೊಕ್ಕೆ (ಜಗಳೂರು): ನೀಟ್-ಪಿಜಿ ಬರೆದ ಮಕ್ಕಳ ಮನೆಗಳಲ್ಲಿ ಕೌನ್ಸೆಲಿಂಗ್ ಬಂತೆಂದರೆ ಒಂದೇ ಚರ್ಚೆ. ‘ನಮ್ಮ ರ‍್ಯಾಂಕಿಗೆ ಸಿಗೋದನ್ನೇ ಮೊದಲು ಹಾಕು, ಇಲ್ಲಾಂದ್ರೆ ಅದೂ ಕೈತಪ್ಪುತ್ತೆ’ ಅಂತಾರೆ ಹಿರಿಯರು. ಈ ಲೆಕ್ಕ ತಪ್ಪು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆಯಲ್ಲಿ ಮೊದಲು ರ‍್ಯಾಂಕ್, ಆಮೇಲೆ ನಿಮ್ಮ ಆಪ್ಷನ್ ಕ್ರಮ. ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ನಿಮಗೆ ಅರ್ಹತೆ ಇರುವ ಮೊದಲ ಖಾಲಿ ಸೀಟು ಕೊಡ್ತಾರೆ. ಬೆಂಗಳೂರಿನ ಜನರಲ್ ಮೆಡಿಸಿನ್ ಮೇಲೆ ಹಾಕಿ ಅದು ಸಿಗದಿದ್ದರೂ, ಕೆಳಗೆ ಹಾಕಿದ ದಾವಣಗೆರೆ ಜೆಜೆಎಂ ಕಾಲೇಜಿನ ಸೀಟಿಗೆ ನಿಮ್ಮ ಹಕ್ಕು ಒಂದಿಷ್ಟೂ ಕಡಿಮೆ ಆಗಲ್ಲ. ‘ಗ್ಯಾರಂಟಿ’ ಸೀಟನ್ನೇ ಮೇಲೆ ಹಾಕಿದ್ರೋ, ಅದೇ ಗಂಟು ಬೀಳುತ್ತೆ. ಅದರ ಕೆಳಗಿನ ಆಪ್ಷನ್‌ಗಳ ಕಥೆ ಅಲ್ಲಿಗೆ ಮುಗೀತು.

ಅಮೆರಿಕದಲ್ಲಿ ಮಾತು ಬೇರೆ. ಅಲ್ಲಿ ಆಸ್ಪತ್ರೆಗಳೇ ಸಂದರ್ಶನಕ್ಕೆ ಕರೆಯೋದು. ರಾಶಿ ಅರ್ಜಿಗಳಲ್ಲಿ ನಿಜವಾದ ಆಸಕ್ತಿ ಯಾರಿಗಿದೆ ಅಂತ ತಿಳಿಯಲು ಕಿವಿ-ಮೂಗು-ಗಂಟಲು ವಿಭಾಗದವರು 2020-21ರಲ್ಲಿ ‘ಸಿಗ್ನಲ್’ ಪದ್ಧತಿ ತಂದರು. ಆ ವರ್ಷ ಒಬ್ಬರಿಗೆ ಐದೇ ಸಿಗ್ನಲ್ ಇತ್ತು, ಎಲ್ಲಿ ಖರ್ಚು ಮಾಡಬೇಕು ಅಂತ ಲೆಕ್ಕ ಹಾಕಲೇಬೇಕಿತ್ತು. ನಮ್ಮ ಕೌನ್ಸೆಲಿಂಗ್‌ನಲ್ಲಿ ಕಾಲೇಜು ನಿಮ್ಮ ಪಟ್ಟಿ ನೋಡಿ ಒಲಿಯೋದೂ ಇಲ್ಲ, ಮುನಿಯೋದೂ ಇಲ್ಲ.

ಹುಷಾರಾಗಿರಬೇಕಾದ್ದು ಶುಲ್ಕದ ವಿಷಯದಲ್ಲಿ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೂ ಖಾಸಗಿ ಕೋಟಾ ಸೀಟಿಗೂ ಭಾರಿ ಅಂತರ. ಕೋಟಾ ನೋಡದೆ ಒತ್ತಿದರೆ ಹೊಲ ಮಾರಬೇಕಾದೀತು. ಸೇರುವ ಮನಸ್ಸಿಲ್ಲದ ಸೀಟನ್ನು ಪಟ್ಟಿಗೆ ಹಾಕಲೇಬೇಡಿ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೂ ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರಲಿ, ಕೊನೆಗೆ ಪ್ರಿಂಟ್ ತಗೊಂಡು ಕ್ರಮ ಸರಿ ಇದೆಯಾ ನೋಡಿ.