ಗೂಡಿನಲ್ಲಿ ಮರಿಯಿರುವಾಗ ಕೊಂಬೆ ಕಡಿಯದಿರಲಿ

ಹಿಮಾಲಯದ ದೊಡ್ಡ ಕಾಗೆಯಾದ ರಾವೆನ್ ಶಿವಗಂಗೆಯ ಬೆಟ್ಟದಲ್ಲಿಲ್ಲ. ಇಲ್ಲಿರುವುದು ಅದರ ದಾಯಾದಿಯಾದ ಕಾಡುಕಾಗೆ. ಊರಕಾಗೆಯ ಬೂದು ಕೊರಳು ಇದಕ್ಕಿಲ್ಲ. ಮೈಯೆಲ್ಲ ಕಪ್ಪು, ಕೊಕ್ಕು ದಪ್ಪ. ಎತ್ತರದ ಮರದ ಕವಲಿನಲ್ಲಿ ಕಡ್ಡಿಯ ಗೂಡು ಕಟ್ಟಿ, ನಾರು, ಕೂದಲು ಹಾಸಿ ಮೂರರಿಂದ ಐದು ಮೊಟ್ಟೆಗಳನ್ನಿಡುತ್ತದೆ. ಕಣ್ಣು ತೆರೆಯದ, ಗರಿಯಿಲ್ಲದ ಮರಿಗಳಿಗೆ ಗಂಡು ಹೆಣ್ಣುಗಳೆರಡೂ ಮಿಡತೆ, ಓತಿಕೇತ, ಇಲಿಮರಿಗಳನ್ನು ಹಲವು ವಾರಗಳ ಕಾಲ ಹೊತ್ತು ತರುತ್ತವೆ. ಕೋಗಿಲೆ ಕದ್ದಿಟ್ಟ ಮೊಟ್ಟೆಯ ಮರಿಗೂ ಅದೇ ತುತ್ತು. ಗೂಡು ಬಿಟ್ಟ ಮೇಲೂ ಮರಿಗಳು ಬಾಯ್ದೆರೆದು ಹಿಂಬಾಲಿಸುವುದು ತಪ್ಪುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಊರಕಾಗೆಯನ್ನು ಇಲಿ, ಬಾವಲಿಗಳೊಡನೆ ಉಪದ್ರವಕಾರಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಜನಮನದಿಂದ ಅದು ಅಳಿದಿಲ್ಲ. ತಿಥಿಯ ಪಿಂಡಕ್ಕೆ ಕಾಗೆ ಬಾರದಿದ್ದರೆ ಕಂಗಾಲಾಗುವವರೇ ಉಳಿದ ದಿನಗಳಲ್ಲಿ ಅದಕ್ಕೆ ಕಲ್ಲೆಸೆಯುತ್ತಾರೆ!

ಮುಂಗಾರಿಗೆ ಮುನ್ನ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವುದು ರೂಢಿ. ಕೆಲಸ ಬೇಕಾದದ್ದೇ, ಕಾಲ ಮಾತ್ರ ತಪ್ಪು. ಬೇಸಿಗೆಯಲ್ಲಿ ಗೂಡುಗಳು ಬರಿದಾಗಿರುವುದಿಲ್ಲ. ಮಳೆಗಾಲ ಕಳೆದ ಮೇಲೆ ಇದನ್ನು ಮುಗಿಸಲು ಅಡ್ಡಿಯೇನು?

ಕಾಗೆಯ ಮೇಲಿನ ಅಕ್ಕರೆಯೆಂದರೆ ಒಳಕಲ್ಲು ತೀರ್ಥದ ದಾರಿಯುದ್ದಕ್ಕೂ ಎಂಜಲು ಚೆಲ್ಲುವುದಲ್ಲ. ಎಂಜಲು ಹೆಚ್ಚಿದಲ್ಲಿ ಕಾಗೆಗಳು ಹೆಚ್ಚಿ, ಪಿಕಳಾರದಂಥ ಸಣ್ಣ ಹಕ್ಕಿಗಳ ಮೊಟ್ಟೆ ಮರಿಗಳಿಗೆ ಕುತ್ತು ಬರುತ್ತದೆ.

ಶಾಲೆಯ ಮಕ್ಕಳು ಮರದಡಿ ಗುಂಪುಗೂಡದೆ, ದೂರದಿಂದಲೇ ನೋಡಿ, ಯಾವ ಮರದಲ್ಲಿ ಗೂಡಿದೆ, ಗಂಟೆಗೆಷ್ಟು ಸಲ ತುತ್ತು ಬಂತು ಎಂದು ಬರೆದಿಡಬಹುದು. ಕೊಡಲಿ ಹಿಡಿದು ಬರುವವರಿಗೆ ತೋರಿಸಲು ಆಗ ಪಂಚಾಯಿತಿಯ ಕೈಯಲ್ಲೊಂದು ಪಟ್ಟಿಯಿರುತ್ತದೆ.